ರುಚಿ ನೋಡದವರ ಅಡುಗೆಮನೆ

ಇಲ್ಲಿ ಬರೆದಿರುವ ಕೆಲವು ಸಂಗತಿಗಳು ನಾನು ಬರೆದ ಹಾಗೆಯೇ ನಡೆದಿರಲಿಕ್ಕಿಲ್ಲ. ಆ ವರ್ಷಗಳ ದಿನಚರಿ ನನ್ನ ಹತ್ತಿರ ಇದೆ. ಮಳೆ ಬಂದದ್ದು, ಬಸ್ಸು ಕೆಟ್ಟು ನಿಂತದ್ದು, ನನ್ನ ತಲೆನೋವು ಎಲ್ಲ ಅದರಲ್ಲಿದೆ. ನಾನು ಈಗ ಹೇಳಹೊರಟಿರುವ ವಿಷಯದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ, ಏಕೆಂದರೆ ಆಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹೊಳೆನರಸೀಪುರದ ಶೇಷಣ್ಣ ಮೊದಲು ಕೆಲಸಕ್ಕೆ ಬಂದರೋ ಅರಕಲಗೂಡಿನ ಪುಟ್ಟತಾಯಮ್ಮನೋ ಎಂಬಷ್ಟಕ್ಕೇ ನನ್ನ ನೆನಪಿಗೂ ನನ್ನ ಕೈಬರಹಕ್ಕೂ ಜಗಳವಿದೆ. ಆದ್ದರಿಂದ ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ.

ಬರೆಯುವುದಕ್ಕೆ ಕಾರಣ ನನ್ನ ತಮ್ಮನ ಮೊಮ್ಮಗಳು ಶ್ರುತಿ. ಹೋಟೆಲ್ ಕೆಲಸಕ್ಕೆಂದೇ ಓದಿ ಈಗ ಒಂದು ರೆಸಾರ್ಟಿನ ಅಡುಗೆಮನೆಗೆ ಸೇರಿದ್ದಾಳೆ. ಹೋದ ಬೇಸಿಗೆಯಲ್ಲಿ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮೂರು ಊಟದ ಮನೆಗಳು, ಮೂರರಲ್ಲೂ ಬೇರೆ ಬೇರೆ ಬಗೆಯ ಪಿಜ್ಜಾ. ಕೊಳದ ಪಕ್ಕದ್ದರಲ್ಲಿ ಹಪ್ಪಳದಂತೆ ಮುರಿಯುವ ತೆಳು ಪಿಜ್ಜಾ. ಮಹಡಿಯ ಮೇಲಿನದರಲ್ಲಿ ತಟ್ಟೆಯಲ್ಲೇ ಬೆಂದು ದಿಂಬಿನ ಹಾಗೆ ಉಬ್ಬಿದ್ದು. ಮರದ ಕೆಳಗಿನದರಲ್ಲಿ ಸೌದೆ ಒಲೆಯಲ್ಲಿ ಸುಟ್ಟು ಅಂಚಿನಲ್ಲಿ ಕಪ್ಪು ಗುಳ್ಳೆ ಎದ್ದಿದ್ದು. ನಾನು ಮೂರನ್ನೂ ತಿಂದೆ. ಕತ್ತಲಾದ ಮೇಲೆ ತಿಂದೆ, ಈರುಳ್ಳಿಯನ್ನೂ ತೆಗೆದಿಡದೆ ತಿಂದೆ.

"ದೊಡ್ಡಜ್ಜಿ, ನಿಮಗೆ ಇದೆಲ್ಲ ನಡೆಯುತ್ತಾ?" ಎಂದು ಶ್ರುತಿ ಬೆರಗಾಗಿ ಕೇಳಿದಳು. ನಮ್ಮದು ಜೈನರ ಮನೆತನ.

"ನಡೆಯಲ್ಲ ಅಂತ ಹೇಳೋರೆಲ್ಲ ಹೋಗಾಯ್ತು ಕಣೆ. ಇನ್ನೊಂದು ಚೂರು ಹಾಕು."

ಮಾರನೆಯ ದಿನ ಅಡುಗೆಮನೆ ತೋರಿಸಿದಳು. ಅಲ್ಲಿ ಒಬ್ಬೊಬ್ಬರ ಜೇಬಿನಲ್ಲೂ ರುಚಿ ನೋಡುವ ಚಮಚ. "ನಿಮ್ಮ ಕಾಲದಲ್ಲಿ ರುಚಿ ಯಾರು ನೋಡ್ತಿದ್ರು?" ಎಂದಳು. "ಯಾರೂ ನೋಡ್ತಿರಲಿಲ್ಲ" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ಆ ಉತ್ತರ ನಿಜವೋ ಸುಳ್ಳೋ ಎಂಬುದು ಬಹಳ ವರ್ಷಗಳಿಂದ ನನಗೇ ಗೊತ್ತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದರಾಸಿನಲ್ಲಿ ಒಂದು ವರ್ಷ ಆಹಾರ ವ್ಯವಸ್ಥೆಯ ತರಬೇತಿ ಪಡೆದು, ಚನ್ನರಾಯಪಟ್ಟಣದ ಮನೆಯಲ್ಲಿ ಕೂತಿದ್ದೆ. ಹಾಸನದ ಹೊರಗೆ, ಬೇಲೂರು ರಸ್ತೆಯಲ್ಲಿ, ಕಾಫಿ ತೋಟದ ಸಾಹುಕಾರರೊಬ್ಬರು ಪ್ರವಾಸಿಗಳಿಗಾಗಿ ಒಂದು ವಸತಿಗೃಹ ಕಟ್ಟಿಸಿದ್ದರು. ಉದ್ದನೆಯ ಜಗಲಿ, ಮುಂದೆ ಹುಲ್ಲುಹಾಸು, ಮಾಂಸಾಹಾರಕ್ಕೊಂದು ಸಸ್ಯಾಹಾರಕ್ಕೊಂದು ಊಟದ ಕೋಣೆ. ಅಡುಗೆಮನೆಗೆ ಓದಿದ ಮೇಲ್ವಿಚಾರಕರು ಬೇಕೆಂದು ತಿಳಿದು ಅರ್ಜಿ ಹಾಕಿದೆ.

ಮ್ಯಾನೇಜರ್ ಮಾಚಯ್ಯನವರು ಕೊಡಗಿನವರು, ಸೈನ್ಯದ ಮೆಸ್ ನೋಡಿಕೊಂಡು ನಿವೃತ್ತರಾದವರು. ಸಂದರ್ಶನದ ಮಾತು ನನಗೆ ಚೆನ್ನಾಗಿ ನೆನಪಿದೆ, ಅಥವಾ ಎಷ್ಟೋ ಸಲ ಹೇಳಿ ಹೇಳಿ ನೆನಪಾಗಿಬಿಟ್ಟಿದೆ.

"ಮೀನು ತಿಂತೀರಾ?"

"ಇಲ್ಲ ಸರ್."

"ಮೊಟ್ಟೆ?"

"ಇಲ್ಲ ಸರ್."

"ಈರುಳ್ಳಿ, ಆಲೂಗಡ್ಡೆ?"

"ಇಲ್ಲ ಸರ್. ನೆಲದೊಳಗೆ ಬೆಳೆಯೋ ಗೆಡ್ಡೆ ಯಾವುದೂ ನಮ್ಮಲ್ಲಿಲ್ಲ."

"ರಾತ್ರಿ ಊಟ?"

"ಹೊತ್ತು ಮುಳುಗೋದ್ರೊಳಗೆ ಮುಗಿಸ್ತೀವಿ ಸರ್."

ಅವರು ಪೆನ್ನು ಕೆಳಗಿಟ್ಟರು. "ಹಾಗಾದರೆ ನಿಮಗೆ ಸಂಬಳ ಯಾಕಮ್ಮಾ ಬೇಕು?"

ಕೆಲಸ ಕೊಟ್ಟರು. ಒಂದು ವರ್ಷ ನೋಡಿ, ಸರಿಬಂದರೆ ಕಾಯಂ ಮಾಡುತ್ತೇನೆ ಎಂದರು.

ಮನೆಯಲ್ಲಿ ಅಪ್ಪನದು ಬೇರೆ ಷರತ್ತು. ಅವರದು ಹಿತ್ತಾಳೆ ಪಾತ್ರೆಯ ಅಂಗಡಿ. "ಓದ್ಸಿದೋನು ನಾನೇ, ಬೇಡ ಅನ್ನಕ್ಕೆ ನಂಗೆ ಬಾಯಿಲ್ಲ. ಆದ್ರೆ ಅದು ಹೋಟ್ಲು ಕಣವ್ವ" ಎಂದು ಬಸದಿಗೆ ಕರೆದುಕೊಂಡು ಹೋಗಿ, ಆ ಅಡುಗೆಮನೆಯ ಒಂದು ತುತ್ತನ್ನೂ ಬಾಯಿಗೆ ಹಾಕುವುದಿಲ್ಲ ಎಂದು ನನ್ನಿಂದ ವ್ರತ ಹಿಡಿಸಿದರು. ಮಾತು ಮುರಿದರೂ, ವರ್ಷದೊಳಗೆ ಕಾಯಂ ಆಗದಿದ್ದರೂ ವಾಪಸು ಬರಬೇಕು. ತಿಪಟೂರಿನ ಕೊಬ್ಬರಿ ವ್ಯಾಪಾರದ ಮನೆಯೊಂದರಲ್ಲಿ ನನ್ನ ಮದುವೆಯ ಮಾತುಕತೆ ಆಗಲೇ ಅರ್ಧ ಮುಗಿದಿತ್ತು. ಆ ಹುಡುಗನ ಮೇಲೆ ನನಗೇನೂ ಕೋಪವಿರಲಿಲ್ಲ. ನನಗೆ ಬೇಕಾಗಿದ್ದದ್ದು ಕೆಲಸ, ಅಷ್ಟೆ.

ನನಗೆ ಜೊತೆಗೆಂದು ಅಪ್ಪ ತಮ್ಮ ಅಕ್ಕನನ್ನು ಕಳಿಸಿದರು. ಮರುದೇವಮ್ಮ, ನನ್ನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ವಸತಿಗೃಹದ ಹಿಂದೆ ನಮಗೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಅತ್ತೆ ನೀರನ್ನು ಬಟ್ಟೆಯಲ್ಲಿ ಸೋಸದೆ ಮುಟ್ಟುತ್ತಿರಲಿಲ್ಲ. ಅಷ್ಟಮಿ, ಚತುರ್ದಶಿ ಬಂದರೆ ಆ ಸೋಸಿದ ನೀರೂ ಇಲ್ಲ. ನಮ್ಮ ಇಡೀ ಬಳಗದಲ್ಲಿ ಅವಳಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಆದರೆ ಬಾಯಿ ಮಾತ್ರ ಬಹಳ ಸಡಿಲ. ಕಿಟಕಿಯಿಂದ ಪ್ರವಾಸಿಗಳನ್ನು ನೋಡಿ, "ಪಾಪ, ಇಷ್ಟು ದೂರ ಬಂದು ಬ್ರೆಡ್ಡು ತಿಂತವೆ. ಇವರ ಮನೇಲಿ ಬ್ರೆಡ್ಡು ಇರಲಿಲ್ವೇನೆ?" ಎನ್ನುತ್ತಿದ್ದಳು.

ಅತ್ತೆ ಹೇಳಿದ್ದನ್ನೇ ಅತಿಥಿಗಳೂ ಹೇಳತೊಡಗಿದ್ದರು. ಅತಿಥಿಗಳ ಅಡುಗೆಯನ್ನು ನೋಡಿಕೊಳ್ಳುತ್ತಿದ್ದವರು ಹಾಸನದ ಹುಸೇನ್ ಸಾಬರು. ಟೋಸ್ಟು, ಆಮ್ಲೆಟ್ಟು, ಕಟ್ಲೆಟ್ಟು ಅವರ ಕೆಲಸ. ತಾವು ಮಾತ್ರ ಹಿಂದಿನ ಜಗಲಿಯಲ್ಲಿ ಕಾರಿನ ಚಾಲಕರ ಜೊತೆ ಕೂತು ಅಕ್ಕಿ ರೊಟ್ಟಿ ತಿನ್ನುತ್ತಿದ್ದರು. ಒಂದು ದಿನ ಹಳೇಬೀಡಿನಿಂದ ಹಿಂದಿರುಗಿದ ಒಂದು ತಂಡ ಪರಿಮಳ ಹಿಡಿದು ಹಿಂದಕ್ಕೇ ಬಂದು, ನಮಗೆ ಕೊಡುವುದು ಕಟ್ಲೆಟ್ಟು, ನೀವು ತಿನ್ನುವುದು ಇದೋ ಎಂದು ಜಗಳವಾಡಿತು. ಮಾಚಯ್ಯನವರಿಗೆ ಆಗ ಹೊಳೆದದ್ದು ಶನಿವಾರದ ರೊಟ್ಟಿ. ಶನಿವಾರ ಸಂಜೆ ಪ್ರವಾಸಿ ಬಸ್ಸುಗಳು ಬೇಲೂರಿನಿಂದ ಬಂದು ತಂಗಿ ಭಾನುವಾರ ಶ್ರವಣಬೆಳಗೊಳಕ್ಕೆ ಹೋಗುತ್ತಿದ್ದವು. ಹುಲ್ಲುಹಾಸಿನ ಮೇಲೆ ಒಲೆ ಹಾಕಿ, ನಾಲ್ಕು ಊರಿನ ನಾಲ್ಕು ಬಗೆಯ ರೊಟ್ಟಿಯನ್ನು ಬಿಸಿಬಿಸಿ ಕೊಡಬೇಕು. ಮಾಡುವವರನ್ನು ಹುಡುಕುವುದು ನನ್ನ ಕೆಲಸ. ಬಸ್ಸಿನಲ್ಲಿ ಆ ಊರುಗಳನ್ನು ಸುತ್ತಿದೆ. ನನ್ನ ಇಡೀ ಉದ್ಯೋಗಕಾಲದಲ್ಲಿ ಅಷ್ಟು ಸಂತೋಷದ ಓಡಾಟ ಮತ್ತೆ ಸಿಗಲಿಲ್ಲ.

ಹಾಸನದ್ದು ಹುಸೇನ್ ಸಾಬರದೇ. ಅನ್ನ ಹಿಸುಕಿ ಹಿಟ್ಟಿಗೆ ಸೇರಿಸಿ, ಕೈಯಲ್ಲಿ ತಟ್ಟಿದ ಬಿಳಿ ರೊಟ್ಟಿ. ಕೆಂಡದ ಮೇಲಿಟ್ಟರೆ ಚೆಂಡಿನಂತೆ ಉಬ್ಬುತ್ತಿತ್ತು. ಹೊಳೆನರಸೀಪುರದಿಂದ ಶೇಷಣ್ಣ ಬಂದರು, ದೇವಸ್ಥಾನದ ಮತ್ತು ಮದುವೆಮನೆಯ ಅಡುಗೆಯವರು. ಅವರು ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ಕೈತುಂಬ ಕಾಯಿತುರಿ, ಹಸಿಮೆಣಸಿನಕಾಯಿ ಸೇರಿಸಿ, ನೇರವಾಗಿ ಬಾಂಡಲಿಯಲ್ಲೇ ತಟ್ಟುತ್ತಿದ್ದರು. ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿದರೆ, ತಳ ಗರಿಗರಿ, ಮೇಲೆ ಮೆತ್ತಗೆ. ಅರಕಲಗೂಡಿನ ಪುಟ್ಟತಾಯಮ್ಮ ಸಂತೆಯಲ್ಲಿ ರೊಟ್ಟಿ ಮಾರುತ್ತಿದ್ದವರು. ಅವರದು ರಾಗಿ ರೊಟ್ಟಿ, ಈರುಳ್ಳಿ, ನುಗ್ಗೆಸೊಪ್ಪು, ಅವರೆಕಾಳು ಹಾಕಿದ್ದು, ಬಾಳೆಲೆಯ ಮೇಲೆ ತಟ್ಟಿದ್ದು, ಜೊತೆಗೆ ಹುಚ್ಚೆಳ್ಳಿನ ಚಟ್ನಿ. ನಾಲ್ಕನೆಯದು ಚನ್ನರಾಯಪಟ್ಟಣದ್ದು, ನಮ್ಮ ಮನೆಯದು: ಸೌತೆಕಾಯಿ ತುರಿ, ನೆನೆಸಿದ ಹೆಸರುಬೇಳೆ, ಈರುಳ್ಳಿ ಇಲ್ಲ. ಅದರ ಹಿಟ್ಟನ್ನು ಅತ್ತೆ ನಮ್ಮ ಮನೆಯಲ್ಲೇ, ಸೋಸಿದ ನೀರಿನಲ್ಲಿ ಕಲಸಿ ಕಳಿಸುತ್ತಿದ್ದಳು. ಬೇಯಿಸುವುದು ಶೇಷಣ್ಣ. "ಹಿಟ್ಟಿನವರೆಗೆ ನಂದು, ಆಮೇಲಿನ ಪಾಪ ನಿಮ್ದು" ಎನ್ನುತ್ತಿದ್ದಳು.

ಮೊದಲ ಶನಿವಾರ ಏನಾಯಿತೆಂದು ಹೇಳುವ ಮುನ್ನ ಒಂದು ಮಾತು. ಆಗ ಉಪ್ಪು ಈಗಿನ ಹಾಗೆ ಪುಡಿಯಾಗಿ ಪೊಟ್ಟಣದಲ್ಲಿ ಬರುತ್ತಿರಲಿಲ್ಲ. ಕಲ್ಲುಪ್ಪು. ಒಂದು ಹರಳು ಕಡಲೆಕಾಯಿಯಷ್ಟಿದ್ದರೆ ಇನ್ನೊಂದು ಎಳ್ಳಿನಷ್ಟು. ಮಳೆಗಾಲದಲ್ಲಿ ನೀರು ಬಿಟ್ಟುಕೊಂಡು ಅರ್ಧ ಉಪ್ಪು ಜಾಡಿಯ ತಳದಲ್ಲಿರುತ್ತಿತ್ತು. ಹಿಡಿಯಲ್ಲಿ ಎತ್ತಿದರೆ ಒಂದು ಲೆಕ್ಕ, ಚಮಚದಲ್ಲಿ ಎತ್ತಿದರೆ ಇನ್ನೊಂದು.

ಆ ಸಂಜೆ ಶೇಷಣ್ಣ ನೀರು ಕುದಿಯುವಾಗ ಒಮ್ಮೆ, ಹಿಟ್ಟು ನಾದುವಾಗ ಮರೆತು ಇನ್ನೊಮ್ಮೆ ಉಪ್ಪು ಹಾಕಿದರು. ಪುಟ್ಟತಾಯಮ್ಮನ ಹಿಟ್ಟಿಗೆಂದು ನಾನು ಅಳೆದು ಬಟ್ಟಲಲ್ಲಿಟ್ಟ ಉಪ್ಪನ್ನು ಆಕೆ ಚಟ್ನಿಗೆ ಹಾಕಿಬಿಟ್ಟರು. ಅತಿಥಿಗಳು ಒಂದು ರೊಟ್ಟಿ ಕಚ್ಚಿ ನೀರು ಕುಡಿದರು, ಇನ್ನೊಂದು ಕಚ್ಚಿ ಮುಖ ಮುಖ ನೋಡಿಕೊಂಡರು, ಆಮೇಲೆ ಎದ್ದು ಒಳಗೆ ಹೋಗಿ ಬ್ರೆಡ್ಡು ಕೇಳಿದರು.

ಮಾಚಯ್ಯನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಯಾರು ರುಚಿ ನೋಡಿದ್ದು?"

ಅವರು ಸಾಲಿನ ಮೊದಲಿನವರ ಮುಂದೆ ಬಂದು ನಿಂತರು.

"ಶೇಷಣ್ಣ?"

"ದೇವ್ರಿಗೆ ಮಾಡೋ ಕೈ ಸ್ವಾಮಿ ಇದು. ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕೋದಿರಲಿ, ಮೂಗಿಗೂ ತರಬಾರದು. ಹುಟ್ಟಿದಾಗಿಂದ ನೋಡಿಲ್ಲ."

"ಇಲ್ಲಿ ಯಾವ ದೇವರಿದ್ದಾನೆ?"

"ಕೈಗೆ ಗೊತ್ತಾಗಬೇಕಲ್ಲ ಸ್ವಾಮಿ."

ಪುಟ್ಟತಾಯಮ್ಮ ಕೇಳುವ ಮೊದಲೇ ಹೇಳಿದರು. "ಶನಿವಾರ ಕಣ್ ಸಾ, ನಂದು ಒಪ್ಪತ್ತು. ಸಂಜೆ ದೀಪ ಅಚ್ಚಿ ದೇವ್ರಿಗೆ ಕೈ ಮುಗಿಯೋಗಂಟ ನೀರೂ ಕುಡಿಯಾಕಿಲ್ಲ. ಬ್ಯಾರೆ ದಿನ ಮಡಗಿ, ಬ್ಯಾಕಾದ್ರೆ ಒಂದು ಮಂಕ್ರಿ ತಿಂದು ತೋರುಸ್ತೀನಿ."

ಅದು ರಂಜಾನ್ ತಿಂಗಳು. ಹುಸೇನ್ ಸಾಬರು ಸುಮ್ಮನೆ ಕೈ ಎತ್ತಿ ಆಕಾಶ ತೋರಿಸಿದರು. ಕೊನೆಗೆ ಮಾಚಯ್ಯನವರು ನನ್ನ ಕಡೆ ತಿರುಗಿ, ಸಂದರ್ಶನ ನೆನಪಾಯಿತೋ ಏನೋ, ಕೇಳಲೇ ಇಲ್ಲ.

"ನೀವೇ ನೋಡ್ಬೋದಿತ್ತಲ್ಲ ಸರ್" ಎಂದು ಸಾಬರು ಮೆಲ್ಲಗೆ ಅಂದರು. ಮಾಚಯ್ಯನವರಿಗೆ ಹೊಟ್ಟೆಹುಣ್ಣು. ಹಾಲು ಬ್ರೆಡ್ಡು ಬಿಟ್ಟು ಬೇರೇನೂ ತಿನ್ನಬಾರದೆಂದು ವೈದ್ಯರು ಹೇಳಿದ್ದರು. ಆಗಲೂ ಅವರ ಕೈಯಲ್ಲಿ ಹಾಲಿನ ಲೋಟವಿತ್ತು. ಒಂದು ಕ್ಷಣ ಎಲ್ಲರೂ ಆ ಲೋಟವನ್ನು ನೋಡಿದೆವು. ಪುಟ್ಟತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಮಾಚಯ್ಯನವರು ನನ್ನೊಬ್ಬಳನ್ನೇ ಕರೆದು, "ಇನ್ನೊಮ್ಮೆ ಹೀಗಾದರೆ ನಿಮ್ಮ ವಿಷಯದಲ್ಲಿ ಒಳ್ಳೆಯದು ಬರೆಯಲು ನನಗಾಗುವುದಿಲ್ಲ ಅಮ್ಮಾ" ಎಂದರು.

ಬಡಿಸುವವರಿಂದ ರುಚಿ ನೋಡಿಸಿದರಾಗುತ್ತಿತ್ತಲ್ಲ ಎಂದು ಈಗಿನವರು ಕೇಳಬಹುದು. ಅದನ್ನೂ ಮಾಡಿದೆವು. ತಿಮ್ಮೇಗೌಡ ಎಂಬ ಬಡಿಸುವವನಿಗೆ ಹಿಟ್ಟಿನ ಚೂರು ಕೊಟ್ಟು ಕೇಳಿದರೆ, ಪ್ರತಿಸಲವೂ "ಬೋ ಸಂದಾಗದೆ ಮೇಡಂ" ಎನ್ನುತ್ತಿದ್ದ. "ಅವನಿಗೆ ಒಲೆಗುಂಡು ಕೊಟ್ರೂ ಸಂದಾಗದೆ ಅಂತಾನೆ ಬುಡಿ" ಎಂದರು ಪುಟ್ಟತಾಯಮ್ಮ.

ನಾನೇಕೆ ನೋಡಲಿಲ್ಲ? ಈ ಪ್ರಶ್ನೆಯನ್ನು ಎಷ್ಟೋ ಸಲ ಹಾಕಿಕೊಂಡಿದ್ದೇನೆ. ನೋಡಿದರೆ ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ, ಅದರೊಂದಿಗೆ ಕೆಲಸ ಹೋಗುತ್ತದೆ. ನೋಡದಿದ್ದರೆ ಊಟ ಕೆಡುತ್ತದೆ, ಆಗಲೂ ಕೆಲಸ ಹೋಗುತ್ತದೆ. ವ್ರತದಲ್ಲಿ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಈಗ ಅನಿಸುವುದನ್ನು ಆಗಿನ ಹುಡುಗಿಯ ತಲೆಯಲ್ಲಿ ತುರುಕುವುದು ಸರಿಯಲ್ಲ. ಅವಳಿಗೆ ಭಯವಿತ್ತು, ಅಷ್ಟು ಮಾತ್ರ ಖಚಿತ. ಆ ದಿನ ಮನೆಗೆ ಬಂದು ಅತ್ತೆಯ ಮುಂದೆ ಅತ್ತುಬಿಟ್ಟೆ.

"ಉಪ್ಪಿಗೋಸ್ಕರ ಅಳ್ತಾರೇನೆ? ಸಪ್ಪೆ ಆದ್ರೆ ತಾನೆ ಏನು, ಉಪ್ಪಾದ್ರೆ ತಾನೆ ಏನು? ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ" ಎಂದಳು.

"ನಂಗೆ ತಿಪಟೂರೇ ಗತಿ ಅತ್ತೆ."

"ತಿಪಟೂರಲ್ಲೂ ಉಪ್ಪು ನೋಡ್ಬೇಕಲ್ಲೇ" ಎಂದು ನಗಿಸಲು ನೋಡಿದಳು. ನಾನು ನಗಲಿಲ್ಲ. ಅವಳು ಎದ್ದು ಕಿಟಕಿಯಿಂದ ಅಡುಗೆಮನೆಯ ಹಿಂದಿನ ಬಾಗಿಲ ಕಡೆ ನೋಡುತ್ತ ನಿಂತಳು. ಇದು ನನಗೆ ನಿಜವಾಗಿ ನೆನಪಿದೆಯೋ, ಮುಂದೆ ಆದದ್ದು ತಿಳಿದ ಮೇಲೆ ನಾನು ಸೇರಿಸಿಕೊಂಡದ್ದೋ ಹೇಳಲಾರೆ.

ಮುಂದಿನ ವಾರ ನಾನು ನನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಉಪ್ಪನ್ನು ಬೀಸಿ, ಜರಡಿ ಹಿಡಿದು, ಒಣಗಿಸಿ ಡಬ್ಬದಲ್ಲಿ ತುಂಬಿದೆ. ಒಂದು ಸೇರು ಹಿಟ್ಟಿಗೆ ಮಟ್ಟ ಮಾಡಿದ ಇಷ್ಟು ಚಮಚ ಎಂದು ನಿಗದಿ ಮಾಡಿದೆ. ಸೊಪ್ಪಿಗೆ ಬೇರೆ, ಕಾಯಿತುರಿಗೆ ಬೇರೆ. ಅಡುಗೆಯವರಿಗೆ ಇದು ನಗೆಪಾಟಲು.

"ಅಲ್ಲಮ್ಮಾ ಚಂದ್ರಮತಿ, ನಾನು ಸಾವಿರ ಎಲೆಗೆ ಮಾಡಿದೋನು. ನನ್ನ ಕೈಗಿಂತ ನಿನ್ನ ಚಮಚ ದೊಡ್ಡದಾ?" ಎಂದು ಶೇಷಣ್ಣ.

"ನಿಮ್ಮ ಚಮಚ ನೀವೇ ಮಡಿಕ್ಕಳಿ ಕಣವ್ವಾ. ರೊಟ್ಟಿಗೆ ಅವುಸ್ದಿ ಆಕ್ದಂಗೆ ಆಕ್ತೀರಲ್ಲ" ಎಂದು ಪುಟ್ಟತಾಯಮ್ಮ.

ಆದರೂ ನನ್ನ ಮುಖ ನೋಡಿ ಒಪ್ಪಿದರು. ಒಪ್ಪಿದಂತೆ ಕಾಣಿಸಿದರು ಎನ್ನಬೇಕೋ ಏನೋ. ಆ ಶನಿವಾರ ಉಪ್ಪು ಸರಿಯಾಗಿತ್ತು. ಅದರ ಮುಂದಿನ ಶನಿವಾರವೂ. ಆಮೇಲೆ ಕೆಡಲೇ ಇಲ್ಲ.

ಆ ಸಂಜೆಗಳ ಸೊಗಸನ್ನು ನಾನು ದೂರದಿಂದ ನೋಡಿದವಳು. ಹುಲ್ಲಿನ ಮೇಲೆ ಪೆಟ್ರೋಮ್ಯಾಕ್ಸ್ ದೀಪ, ನಾಲ್ಕು ಒಲೆಗಳ ಮುಂದೆ ಗುಂಪು. ಜನ ತಟ್ಟೆ ಹಿಡಿದು ಒಂದು ಒಲೆಯಿಂದ ಇನ್ನೊಂದಕ್ಕೆ ಹೋಗಿ, ಯಾವುದು ಮೇಲು ಎಂದು ವಾದ ಮಾಡುತ್ತಿದ್ದರು. ಹಾಸನದ ವಕೀಲರು, ಡಾಕ್ಟರು ಕುಟುಂಬ ಸಮೇತ ಬರತೊಡಗಿದರು. "ಹೊಳೆನರಸೀಪುರದ್ದು ರೊಟ್ಟಿ, ಉಳಿದದ್ದೆಲ್ಲ ಹಪ್ಪಳ" ಎಂದು ಒಬ್ಬರು ಅಂದರೆ, ಪುಟ್ಟತಾಯಮ್ಮ ಒಲೆಯ ಹಿಂದಿನಿಂದ, "ಬಾಯಾಗೆ ಅಲ್ಲಿಲ್ದಿದ್ರೆ ಅಂಗೇ ಅನ್ನುಸ್ತದೆ, ಮೆತ್ಗಿರೋದನ್ನ ನುಂಕ್ಕಳಿ ಸಾ" ಎನ್ನುತ್ತಿದ್ದರು. ಅವರೂ ಸೋಲದೆ, ಹಲ್ಲಿದೆ ಎಂದು ತೋರಿಸಲು ರಾಗಿ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಇಟಲಿಯಿಂದ ಬಂದ ಹೆಂಗಸೊಬ್ಬಳು, ಶಿಲ್ಪ ನೋಡಲು ಬಂದವಳು, ನಾಲ್ಕನ್ನೂ ತಿಂದು ನನ್ನ ಪಕ್ಕ ಬಂದು ಕೂತಳು. ತನ್ನ ದೇಶದಲ್ಲೂ ಇಂಥದ್ದೊಂದಿದೆ, ಒಂದೂರಿನದು ತೆಳುವು, ಒಂದೂರಿನದು ತಟ್ಟೆಯಲ್ಲಿ ಬೇಯಿಸಿದ್ದು, ಅದರ ಮೇಲೆ ಊರೂರಿಗೆ ಜಗಳ ಎಂದಳು. ಪಿಜ್ಜಾ ಎಂಬ ಪದ ನಾನು ಮೊದಲು ಕೇಳಿದ್ದು ಅವಳ ಬಾಯಲ್ಲಿ. "ನಿನಗೆ ಈ ನಾಲ್ಕರಲ್ಲಿ ಯಾವುದು ಇಷ್ಟ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ತಿಂದಿಲ್ಲ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ನನ್ನ ಇಂಗ್ಲಿಷ್ ಸರಿಯಿಲ್ಲ ಎಂದುಕೊಂಡು ಮತ್ತೆ ನಿಧಾನವಾಗಿ ಕೇಳಿದಳು. ನಾನು ಹೊಳೆನರಸೀಪುರದ ಒಲೆಯ ಕಡೆ ಬೆರಳು ತೋರಿಸಿದೆ. ಅಷ್ಟು ಜನ ಅಷ್ಟು ಖುಷಿಯಿಂದ ತಿಂದದ್ದನ್ನು ಏರ್ಪಡಿಸಿದವಳು ನಾನು; ಅದರ ಒಂದು ಚೂರೂ ನನ್ನ ನಾಲಿಗೆಗೆ ಗೊತ್ತಿಲ್ಲ. ಶೇಷಣ್ಣ ಹೋದರು, ಪುಟ್ಟತಾಯಮ್ಮ ಹೋದರು, ಹುಸೇನ್ ಸಾಬರೂ ಹೋದರು. ಈಗ ಎಷ್ಟು ಪಿಜ್ಜಾ ತಿಂದರೂ ಅದು ಸಿಕ್ಕುವುದಿಲ್ಲ.

ವರ್ಷ ತುಂಬುವ ಮುಂಚೆಯೇ ಮಾಚಯ್ಯನವರು ನನ್ನನ್ನು ಕಾಯಂ ಮಾಡಿದರು. "ಕಣ್ಣಲ್ಲೇ ಉಪ್ಪು ಅಳೆಯುವ ಮೊದಲ ಮನುಷ್ಯರನ್ನು ನೋಡಿದೆ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ತಿಪಟೂರಿನ ಮಾತುಕತೆ ತಾನಾಗಿ ನಿಂತಿತು. ಅತ್ತೆ ಅಂದು ಸಿಹಿ ಮಾಡಿದ್ದಳು.

ಅದೇ ವರ್ಷ ಮಳೆಗಾಲದ ಚಾತುರ್ಮಾಸದಲ್ಲಿ ಬೆಳಗೊಳಕ್ಕೆ ಆರ್ಯಿಕೆಯರು, ಅಂದರೆ ನಮ್ಮ ಸನ್ಯಾಸಿನಿಯರು, ಬಂದಿದ್ದರು. ಅತ್ತೆ ದರ್ಶನಕ್ಕೆ ಹೋಗಿ ಅವರ ಮುಂದೆ ಉಪ್ಪನ್ನು ಬಿಟ್ಟು ಬಂದಳು. ನಮ್ಮಲ್ಲಿ ಹಾಲು, ತುಪ್ಪ, ಬೆಲ್ಲ, ಉಪ್ಪು, ಹೀಗೆ ಒಂದೊಂದು ರುಚಿಯನ್ನು ತ್ಯಜಿಸುವ ಪದ್ಧತಿ ಇದೆ. ಹೆಚ್ಚಿನವರು ನಾಲ್ಕು ತಿಂಗಳಿಗೆ ಬಿಡುತ್ತಾರೆ, ತಪ್ಪಿಗೆ ಪ್ರಾಯಶ್ಚಿತ್ತವೆಂದು ಬಿಡುವವರೂ ಉಂಟು. ಅತ್ತೆ ಬಿಟ್ಟದ್ದು ಆಯುಷ್ಯ ಪೂರ್ತಿಗೆ. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಅವಳ ಭಕ್ತಿಯನ್ನು ಕೊಂಡಾಡಿದರು. ಅಪ್ಪ, "ನನ್ನಕ್ಕ ಅಂದ್ರೆ ಹಂಗೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರು. "ಇನ್ನು ಮೇಲೆ ನನ್ನ ಸಾರು ಬೇರೆ ಪಾತ್ರೆಗೆ ತೆಗೆದಿಡು" ಎಂದಳು ನನಗೆ. ನಾನು ತೆಗೆದಿಟ್ಟೆ. ಯಾಕೆ ಎಂದು ಕೇಳಲಿಲ್ಲ. ಅಪ್ಪನ ಹಾಗೆ ನಾನೂ ಹೆಮ್ಮೆಪಟ್ಟೆ.

ಕೆಲವು ವರ್ಷಗಳ ಮೇಲೆ ಸಾಹುಕಾರರು ವಸತಿಗೃಹವನ್ನು ಮಾರಿದರು. ಅತ್ತೆ ಚನ್ನರಾಯಪಟ್ಟಣಕ್ಕೆ ಹಿಂದಿರುಗಿದಳು. ನಾನು ವಿದ್ಯಾರ್ಥಿನಿಲಯಗಳ ಅಡುಗೆ ವ್ಯವಸ್ಥೆಗೆ ಸೇರಿದೆ. ಹೊಳೆನರಸೀಪುರ, ಅರಕಲಗೂಡು ಎಂದು ಉದ್ಯೋಗದ ಉಳಿದ ವರ್ಷಗಳೆಲ್ಲ ಅಲ್ಲೇ ಕಳೆದವು. ಅಲ್ಲಿ ಹೊಸಬರಿಗೆ ತರಬೇತಿ ಕೊಡುವಾಗ ನನ್ನ ಚಮಚದ ಪದ್ಧತಿಯನ್ನೇ ಕಲಿಸಿದೆ. ನಾಲಿಗೆಯನ್ನು ನಂಬಬೇಡಿ, ಅಳತೆಯನ್ನು ನಂಬಿ ಎಂದೆ. ಅದು ಒಂದು ಕಡೆಯೂ ಸರಿಬರಲಿಲ್ಲ. ಹೊಳೆನರಸೀಪುರದ ಹಾಸ್ಟೆಲಿನಲ್ಲಿ ಹುಡುಗಿಯರು ಸಾರಿನ ತಟ್ಟೆಯನ್ನು ನನ್ನ ಮೇಜಿನ ಮೇಲೇ ತಂದಿಟ್ಟು ಹೋದರು. ಅದೇ ಚಮಚ, ಅದೇ ಬೀಸಿದ ಉಪ್ಪು. ನಾನು ಅಡುಗೆಯವರನ್ನು ಬೈದೆ, ಅಳತೆ ಕದ್ದಿದ್ದೀರಿ ಎಂದೆ. ಒಬ್ಬಳು ಕಣ್ಣೀರು ಹಾಕಿಕೊಂಡು ಕೆಲಸ ಬಿಟ್ಟು ಹೋದಳು. ಹಾಸನದಲ್ಲಿ ಮಾತ್ರ ಯಾಕೆ ಸರಿಯಾಗುತ್ತಿತ್ತು ಎಂದು ನಾನು ಯೋಚಿಸಬೇಕಾಗಿತ್ತು. ಹಾಸನದಲ್ಲಿ ನಾನು ಚೆನ್ನಾಗಿ ನೋಡಿಕೊಂಡಿದ್ದೆ ಎಂದುಕೊಂಡೆ.

ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಒಂದು ದಿನ ಪುಟ್ಟತಾಯಮ್ಮ ಸಿಕ್ಕಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ದನಿ ಹಾಗೇ ಇತ್ತು.

"ಅಯ್ಯೋ ಚಂದ್ರಮ್ನೋರೇ! ಚಮಚ ಇನ್ನೂ ಮಡಗಿದ್ದೀರಾ?"

"ಇಟ್ಕೊಂಡಿದೀನಿ. ನೀವು ನಗ್ತಿದ್ರಲ್ಲ, ಆಮೇಲೆ ಉಪ್ಪು ಸರಿಬರಲಿಲ್ವಾ?"

ಅವರು ಎಲೆ ಅಡಿಕೆ ಮೆಲ್ಲುತ್ತ ನನ್ನನ್ನೇ ನೋಡಿದರು. "ಚಮಚದಿಂದ ಬಂತು ಅಂತ ಅಂದ್ಕಂಡ್ರಾ? ನಿಮ್ಮತ್ತೇರು ಸಂಜೆ ಮುಂದ ಇಂದ್ಗಡೆ ಬಾಗ್ಲಿಗೆ ಬರೋರಲ್ಲ."

"ಯಾತಕ್ಕೆ?"

"ಎಲೆ ತುದೀಲಿ ಈಟೀಟು ಕಲ್ಸಿದ್ ಇಟ್ಟು ಇಸ್ಕಂಡು ಓಗೋರು. ನನ್ನದೂ, ಶೇಷಣ್ಣೋರ್ದೂ, ಸಾಬ್ರುದೂ. ದನಕ್ಕೆ ಆಕ್ತೀನಿ ಅನ್ನೋರು. ವಸಿ ಒತ್ಗೆ ತಿರ್ಗ ಬಂದು, ಪುಟ್ಟತಾಯಿ ನಿಂದಕ್ಕೆ ಒಂದು ಚಿಟಿಕೆ ಬೇಕು ಕಣೆ, ಶೇಷಣ್ಣಂಗೆ ಸಾಕು ಅಂತೇಳು ಅನ್ನೋರು. ದನ ಬಾಯ್ಬುಟ್ಟು ಯೇಳ್ತಾ ಅಂತ ನಾವು ಒಳಗೊಳಗೇ ನಗೋವು."

ನಮ್ಮ ಮನೆಯಲ್ಲಿ ದನವಿರಲಿಲ್ಲ. ವಸತಿಗೃಹದ ಸುತ್ತ ಬೇಲಿ ಹಾಕಿತ್ತು.

"ಅವರು ಬಾಯಿಗೆ ಹಾಕಿಕೊಂಡದ್ದನ್ನ ನೀವು ನೋಡಿದ್ರಾ?"

"ನಾನ್ಯಾಕ್ ನೋಡ್ಲವ್ವಾ? ದೊಡ್ಡೋರ ಮನೆ ಎಂಗ್ಸು. ವಾಪಸ್ ಬರೋವಾಗ ಬಾಯಿ ಮುಕ್ಕಳುಸ್ಕಂಡು ಒರ್ಸ್ಕಂತ ಬರೋರು. ಅಷ್ಟೇ ನಾ ಕಂಡಿದ್ದು."

ಬಸ್ಸು ಬಂತು. ಅವರು ಹತ್ತಿ ಹೋದರು. ನನ್ನ ಬಸ್ಸು ಆಮೇಲೆ ಬಂತು. ಹತ್ತುವುದನ್ನು ಮರೆತು ಅಲ್ಲೇ ಕೂತಿದ್ದೆ.

ಪುಟ್ಟತಾಯಮ್ಮನಿಗೂ ವಯಸ್ಸಾಗಿತ್ತು. ಬೇರೆ ಯಾವುದೋ ಮನೆಯ ಯಾವುದೋ ಹೆಂಗಸಿನೊಂದಿಗೆ ಅತ್ತೆಯನ್ನು ಕಲಸಿಕೊಂಡಿರಬಹುದು. ಅತ್ತೆ ಹಿಟ್ಟನ್ನು ನಿಜವಾಗಿಯೂ ಹಕ್ಕಿಗೋ ಇರುವೆಗೋ ಹಾಕಿರಬಹುದು, ಸದಾ ಬಾಯಿ ತೊಳೆದುಕೊಳ್ಳುವುದು ಅವಳ ಅಭ್ಯಾಸವೇ ಆಗಿತ್ತು. ಉಪ್ಪು ಬಿಟ್ಟದ್ದು ಬರೀ ಭಕ್ತಿಯಿಂದಲೇ ಇರಬಹುದು. ಹೀಗೆ ಒಂದೊಂದನ್ನೇ ನನಗೆ ನಾನೇ ಹೇಳಿಕೊಂಡೆ. ಆದರೆ ಶನಿವಾರಗಳಲ್ಲಿ ಕೆಲವು ಅಷ್ಟಮಿಗಳಾಗಿದ್ದವು, ಕೆಲವು ಚತುರ್ದಶಿಗಳು. ನೀರನ್ನೂ ಮುಟ್ಟದ ದಿನ, ಬೇರೆಯವರ ಕೈಯ, ಈರುಳ್ಳಿ ಹಾಕಿದ ಹಸಿ ಹಿಟ್ಟು. ನಾನು ಮಾಡಲು ಹೆದರಿದ್ದನ್ನು ಅವಳು ವಾರವಾರ, ಉಪ್ಪು ಬಿಟ್ಟ ಮೇಲೂ, ಮಾಡಿದಳೇ? ಅಪ್ಪ ವ್ರತ ಹಿಡಿಸಿದ್ದು ನನಗೆ. ಅವಳಿಗೆ ವ್ರತ ಹಿಡಿಸಲು ಯಾರೂ ಬೇಕಾಗಿರಲಿಲ್ಲ, ಅವಳ ಬದುಕಿನಲ್ಲಿ ಅವಳದು ಎಂದು ಇದ್ದದ್ದು ಅದೊಂದೇ.

ಕೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಕೊನೆಗೆ ಒಂದು ರಜೆಯಲ್ಲಿ ಚನ್ನರಾಯಪಟ್ಟಣಕ್ಕೆ ಹೋದಾಗ ಮಧ್ಯಾಹ್ನ ಅವಳ ಪಕ್ಕದಲ್ಲಿ ಊಟಕ್ಕೆ ಕೂತೆ. ನನ್ನ ಎಲೆಯಲ್ಲಿ ನಮ್ಮ ಮನೆಯ ಸೌತೆಕಾಯಿ ರೊಟ್ಟಿ, ಅವಳ ಎಲೆಯಲ್ಲಿ ಅದೇ ರೊಟ್ಟಿ, ಸಪ್ಪೆ. ಹಲ್ಲು ಹೋಗಿತ್ತು, ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದಳು. "ನಿಂದು ಸರಿಯಾಗಿದ್ಯಾ ನೋಡು, ನಿನ್ನ ತಮ್ಮನ ಹೆಂಡ್ತಿ ಒಂದೊಂದ್ಸಲ ಮರೀತಾಳೆ" ಎಂದಳು.

ಪುಟ್ಟತಾಯಮ್ಮ ಸಿಕ್ಕಿದ್ದರು ಎಂದೆ. ಹಿಂದಿನ ಬಾಗಿಲಿನ ವಿಷಯ ಹೇಳಿದೆ. ಅತ್ತೆ ತಲೆ ಎತ್ತಲಿಲ್ಲ. ಎಲೆಯ ಮೇಲಿದ್ದ ಒಂದು ಚೂರನ್ನು ಬೆರಳಿನಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಸಿದಳು. ಆಮೇಲೆ ಎಲೆ ಮಡಿಸಿ, ಗೋಡೆ ಹಿಡಿದು ಎದ್ದು, ಕೈ ತೊಳೆಯಲು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ನನ್ನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಮುಂದಿನ ಚಾತುರ್ಮಾಸದ ವೇಳೆಗೆ ಅವಳಿರಲಿಲ್ಲ.

ರುಚಿ ನೋಡಿದ್ದು ನೀನೇನಾ ಎಂದು ಕೇಳಬೇಕೆಂದು ಹೋಗಿದ್ದೆ. ಆದರೆ ಅಂದು ನನ್ನ ಬಾಯಿಂದ ಬಂದದ್ದು ಬೇರೆಯದೇ. ಅವಳು ಎಲೆ ಮಡಿಸುವ ಮೊದಲು ನಾನು ಕೇಳಿದ್ದು ಇಷ್ಟು: "ಅತ್ತೆ, ನನ್ನ ಕೆಲಸ ಆ ವರ್ಷವೇ ಹೋಗಿದ್ದಿದ್ರೆ, ನೀನು ಇವತ್ತು ಉಪ್ಪು ಹಾಕ್ಕೊಂಡು ಊಟ ಮಾಡ್ತಿದ್ದೆ, ಅಲ್ವಾ?"